ಕಂಪನಿ ವಕೀಲರ ಕಕ್ಷಿದಾರರು ಯಾರು?

ಪ್ರಶ್ನೆ: ಮೇಡಂ, ನಾನು ದಾವಣಗೆರೆಯಲ್ಲಿ 4 ವರ್ಷದಿಂದ ವಕೀಲಿ ಮಾಡುತ್ತಿದ್ದೇನೆ. ಜಾಸ್ತಿ ಜಮೀನಿನ ವ್ಯಾಜ್ಯಗಳು, ಜೊತೆಗೆ ಸ್ವಲ್ಪ ಚೆಕ್ ಬೌನ್ಸ್ ಕೇಸ್‌ಗಳು. ಈಗ ಬೆಂಗಳೂರಿನ ಒಂದು ಕಂಪನಿಯ ಲೀಗಲ್ ಟೀಮ್‌ನಲ್ಲಿ ಕೆಲಸ ಸಿಕ್ಕಿದೆ. ‘ಅಲ್ಲಿಗೆ ಹೋದರೆ ನೀನು ವಕೀಲೆ ಅಲ್ಲ, ಕಂಪನಿ ಗುಮಾಸ್ತೆ’ ಎಂದು ನನ್ನ ಸೀನಿಯರ್ ಬೇಸರ ಮಾಡಿಕೊಂಡಿದ್ದಾರೆ. ಸನ್ನದು, ಅಂದರೆ ವಕೀಲಿ ಮಾಡುವ ಪರವಾನಗಿ, ಬಿಡಬೇಕು ಎನ್ನುವುದು ನಿಜವೇ? ಕಂಪನಿ ವಕೀಲರು ದಿನವಿಡೀ ಮಾಡುವುದಾದರೂ ಏನು? ಕನ್ನಡ ಮಾಧ್ಯಮದಲ್ಲಿ ಓದಿದ ನನಗೆ ಅಲ್ಲಿ ಜಾಗ ಇದೆಯಾ?

ಉತ್ತರ: ನಿಮ್ಮ ಸೀನಿಯರ್ ಹೇಳಿದ ಮಾತು ಒಂದು ಕಾಲಕ್ಕೆ ನಿಜವಾಗಿತ್ತು. ಆ ಕಾಲವನ್ನು ನಾನು ನೋಡಿದ್ದೇನೆ.

2003ರಲ್ಲಿ ಪೀಣ್ಯದ ಒಂದು ಕಾರ್ಖಾನೆಗೆ ಲಾ ಆಫೀಸರ್ ಆಗಿ ಸೇರಿದೆ. ನನ್ನ ಮೇಜು ಇದ್ದದ್ದು ಪರ್ಸನೆಲ್ ವಿಭಾಗದ ಮೂಲೆಯಲ್ಲಿ, ಹಳೆಯ ಹಾಜರಿ ಪುಸ್ತಕಗಳ ಕಪಾಟಿನ ಪಕ್ಕ. ಕೋರ್ಟಿನಿಂದ ಸಮನ್ಸ್ ಬಂದರೆ ಕರೆಯುತ್ತಿದ್ದರು. ಇಲ್ಲದಿದ್ದರೆ ನಾನಿದ್ದೇನೆ ಎನ್ನುವುದೇ ಯಾರಿಗೂ ನೆನಪಾಗುತ್ತಿರಲಿಲ್ಲ. ಲೇಬರ್ ಕೋರ್ಟಿನ ವಾಯಿದೆಗಳನ್ನು ಬರೆದಿಡುವುದು, ಪ್ಯಾನಲ್ ವಕೀಲರಿಗೆ ಕಾಗದ ಒದಗಿಸುವುದು, ಅವರ ಬಿಲ್ ಪಾಸ್ ಮಾಡಿಸುವುದು. ಚೆಕ್ ಬೌನ್ಸ್ ಆದರೆ 30 ದಿನದೊಳಗೆ ನೋಟಿಸ್, ಹಣ ಕೊಡಲು 15 ದಿನ, ಆಮೇಲೆ ದೂರಿಗೆ ಒಂದು ತಿಂಗಳು. ಈ ಲೆಕ್ಕ ನಿಮಗೂ ಬಾಯಿಪಾಠ ಇರಬೇಕು. ಆ ಡೈರಿ ತಪ್ಪದಂತೆ ನೋಡಿಕೊಂಡರೆ ನನ್ನ ಕೆಲಸ ಆದಂತೆ.

ಎರಡನೇ ವರ್ಷ ಒಂದು ಒಪ್ಪಂದ ನನ್ನ ಮೇಜಿಗೆ ಬಂತು. ಹೊರದೇಶದ ಗ್ರಾಹಕರಿಗೆ ಯಂತ್ರದ ಬಿಡಿಭಾಗ ಮಾಡಿ ಕಳಿಸುವ ಒಪ್ಪಂದ. ಅದಕ್ಕೆ ಸಹಿ ಬಿದ್ದು ಹನ್ನೊಂದು ತಿಂಗಳಾಗಿತ್ತು. ಜೊತೆಗೆ ಅವರ ವಕೀಲರ ನೋಟಿಸ್ ಇತ್ತು. ಮಾಲು ಕೆಟ್ಟರೆ ಎಷ್ಟು ನಷ್ಟ ಕಟ್ಟಿಕೊಡಬೇಕು ಎನ್ನುವುದಕ್ಕೆ ಒಪ್ಪಂದದಲ್ಲಿ ಮಿತಿಯೇ ಇರಲಿಲ್ಲ. ಜಗಳ ಬಂದರೆ ಆರ್ಬಿಟ್ರೇಷನ್, ಅಂದರೆ ಕೋರ್ಟಿನ ಬದಲು ಮಧ್ಯಸ್ಥರ ಮುಂದೆ ವಿಚಾರಣೆ, ನಡೆಯಬೇಕಾದದ್ದು ಲಂಡನ್‌ನಲ್ಲಿ. ಅಲ್ಲಿಗೆ ಹೋಗಿ ಹೋರಾಡುವ ಖರ್ಚು ಅವರು ಕೇಳಿದ ಮೊತ್ತವನ್ನೇ ಮೀರುತ್ತಿತ್ತು. ಕಂಪನಿ ಹಣ ಕೊಟ್ಟು ಕೈ ತೊಳೆದುಕೊಂಡಿತು. ‘ನೀವು ಮೊದಲೇ ಯಾಕೆ ಹೇಳಲಿಲ್ಲ?’ ಎಂದು ಕಾರ್ಖಾನೆಯ ಮುಖ್ಯಸ್ಥರು ನನ್ನನ್ನು ಕೇಳಿದರು. ಅಂಥದ್ದೊಂದು ಒಪ್ಪಂದ ಇದೆ ಎನ್ನುವುದೇ ನನಗೆ ಗೊತ್ತಿರಲಿಲ್ಲ.

ಆ ಪ್ರಶ್ನೆ ನನಗೆ ತುಂಬಾ ನೋವು ಕೊಟ್ಟಿತು. ಆದರೆ ಕಂಪನಿ ವಕೀಲರ ಕೆಲಸ ಈ 20 ವರ್ಷದಲ್ಲಿ ಹೇಗೆ ಬದಲಾಯಿತು ಎನ್ನುವುದು ಆ ಒಂದೇ ಪ್ರಶ್ನೆಯಲ್ಲಿ ಇದೆ. ಆಗ ಸಹಿ ಆದ ಮೇಲೆ ನಮ್ಮನ್ನು ಕರೆಯುತ್ತಿದ್ದರು. ಈಗ ನಾವು ನೋಡದೆ ಸಹಿಯೇ ಬೀಳುವುದಿಲ್ಲ.

ಅಮೆರಿಕದಲ್ಲಿ ಈ ಬದಲಾವಣೆ ಮೊದಲು ಆಯಿತು. 1987ರಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿ ಬೆನ್ ಹೈನ್‌ಮನ್ ಅವರನ್ನು ಕಾನೂನು ಮುಖ್ಯಸ್ಥರಾಗಿ ತಂದಿತು. ಹೊರಗಿನ ದೊಡ್ಡ ವಕೀಲ ಸಂಸ್ಥೆಗಳಲ್ಲಿ ಪಳಗಿದವರನ್ನು ಅವರು ಸಂಬಳಕ್ಕೆ ಒಳಗೆ ಕರೆತಂದರು. ಕಾನೂನಿನ ದೊಡ್ಡ ತೀರ್ಮಾನಗಳು ಕಂಪನಿಯೊಳಗೇ ಆಗುವಂತೆ ಮಾಡಿದರು. ನಮ್ಮಲ್ಲಿ ಸಾಫ್ಟ್‌ವೇರ್ ಕಂಪನಿಗಳು ಬೆಳೆದ ಹಾಗೆ ಈ ಪದ್ಧತಿಯೂ ಬಂತು. ಅವರ ಗ್ರಾಹಕರು ಹೊರದೇಶದವರು, ಒಪ್ಪಂದಗಳು ನೂರು ಪುಟದವು. ಪ್ರತಿಯೊಂದಕ್ಕೂ ಹೊರಗಿನ ವಕೀಲರ ಹತ್ತಿರ ಓಡುವುದು ಆಗದ ಮಾತು. ಈಗ ವಿದೇಶಿ ಕಂಪನಿಗಳೇ ತಮ್ಮ ಸ್ವಂತ ಕೆಲಸಕ್ಕೆ ಬೆಂಗಳೂರಿನಲ್ಲಿ ಜಿಸಿಸಿ (ಗ್ಲೋಬಲ್ ಕೇಪಬಿಲಿಟಿ ಸೆಂಟರ್) ಎನ್ನುವ ಕೇಂದ್ರಗಳನ್ನು ತೆರೆದಿವೆ. ಅವುಗಳಿಗಾಗಿಯೇ ಕರ್ನಾಟಕ ಸರ್ಕಾರ 2024ರಲ್ಲಿ ಒಂದು ನೀತಿ ತಂದಿತು. 2029ರೊಳಗೆ ಇನ್ನೂ 500 ಕೇಂದ್ರಗಳು ಬರಬೇಕು ಎನ್ನುವುದು ಅದರ ಗುರಿ. ಅವುಗಳಲ್ಲಿ ಎಷ್ಟೋ ಕಡೆ ಲೀಗಲ್ ಟೀಮ್ ಕೂಡ ಇಲ್ಲೇ ಕೂತು ಬೇರೆ ದೇಶಗಳ ಒಪ್ಪಂದ ನೋಡುತ್ತದೆ.

ದಿನವಿಡೀ ಏನು ಮಾಡುತ್ತೀರಿ ಎಂದು ಕೇಳಿದ್ದೀರಿ. ಹೆಚ್ಚು ಹೊತ್ತು ಓದುವುದು, ತಿದ್ದುವುದು, ಮಾತಾಡುವುದು. ಸೇಲ್ಸ್‌ನವರು ಗ್ರಾಹಕರ ಒಪ್ಪಂದ ತರುತ್ತಾರೆ. ಪರ್ಚೇಸ್‌ನವರು ಪೂರೈಕೆದಾರರ ಒಪ್ಪಂದ ತರುತ್ತಾರೆ. ನೀವು ರೆಡ್‌ಲೈನ್, ಅಂದರೆ ಕರಡಿನ ಮೇಲೆ ತಿದ್ದುಪಡಿ ಗುರುತು, ಹಾಕುತ್ತೀರಿ, ಎದುರಿನವರ ವಕೀಲರು ತಿರುಗಿ ಹಾಕುತ್ತಾರೆ, ಕೊನೆಗೆ ಫೋನಿನಲ್ಲಿ ಕೂತು ಮುಗಿಸುತ್ತೀರಿ. ಇಲ್ಲಿ ಬೇಕಾದದ್ದು ವಾದದ ಗೆಲುವಿಗಿಂತ ಮುಂದಿನ ತೊಂದರೆಯನ್ನು ಈಗಲೇ ಕಾಣುವ ಕಣ್ಣು.

ಒಂದೆರಡು ಉದಾಹರಣೆ ಕೊಡುತ್ತೇನೆ. ಸಣ್ಣ ವರ್ಕ್‌ಶಾಪ್‌ಗಳಿಂದ ಮಾಲು ತರಿಸುವ ಒಪ್ಪಂದದಲ್ಲಿ ಪರ್ಚೇಸ್‌ನವರು ‘90 ದಿನಕ್ಕೆ ಪಾವತಿ’ ಎಂದು ಬರೆದಿರುತ್ತಾರೆ. ಆ ವರ್ಕ್‌ಶಾಪ್ ಸಣ್ಣ ಉದ್ಯಮ ಎಂದು ನೋಂದಣಿ ಆಗಿದ್ದರೆ, 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ 45 ದಿನ ಮೀರುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕ್ ಗೊತ್ತುಮಾಡುವ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳು ತಿಂಗಳು ಚಕ್ರಬಡ್ಡಿ. ಒಪ್ಪಂದದಲ್ಲಿ ಏನೇ ಬರೆದಿದ್ದರೂ ಕಾಯ್ದೆಯೇ ಮೇಲು. ಇನ್ನೊಂದು: ‘ಆರ್ಬಿಟ್ರೇಟರನ್ನು ಕಂಪನಿಯೇ ನೇಮಿಸುತ್ತದೆ’ ಎನ್ನುವ ಹಳೆಯ ಸಾಲು ಎಷ್ಟೋ ಮಾದರಿ ಕಾಗದಗಳಲ್ಲಿ ಇವತ್ತಿಗೂ ಉಳಿದಿದೆ. ವ್ಯಾಜ್ಯದಲ್ಲಿ ಲಾಭ ನಷ್ಟ ಇರುವವರು ತಾವೊಬ್ಬರೇ ಆರ್ಬಿಟ್ರೇಟರನ್ನು ಆರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರಲ್ಲೇ ಹೇಳಿದೆ. ಆ ಸಾಲನ್ನು ಹಾಗೇ ಬಿಟ್ಟರೆ ಜಗಳ ಬಂದ ದಿನ ಮೊದಲ ಒಂದು ವರ್ಷ ಆರ್ಬಿಟ್ರೇಟರ್ ಯಾರು ಎನ್ನುವುದಕ್ಕೇ ಹೋಗುತ್ತದೆ.

ಎಚ್‌ಆರ್‌ನವರಂತೂ ವಾರಕ್ಕೊಮ್ಮೆ ಬರುತ್ತಾರೆ. ‘ಕೆಲಸ ಬಿಟ್ಟವರು ಎರಡು ವರ್ಷ ಎದುರಾಳಿ ಕಂಪನಿಗೆ ಸೇರಬಾರದು ಎಂದು ಬರೆಸಿಕೊಳ್ಳೋಣವಾ?’ ಎನ್ನುತ್ತಾರೆ. 1872ರ ಕರಾರು ಕಾಯ್ದೆಯ 27ನೇ ಕಲಂ ಅದಕ್ಕೆ ಒಪ್ಪುವುದಿಲ್ಲ, ಬರೆಸಿಕೊಂಡರೂ ನಿಲ್ಲುವುದಿಲ್ಲ. ‘ಹಾಗಾದರೆ ಮೂರು ವರ್ಷದ ಬಾಂಡ್?’ ಅದು ಬೇರೆ ವಿಷಯ. ಮಂಗಳೂರಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕ್ ತನ್ನ ಅಧಿಕಾರಿಯಿಂದ ಅಂಥ ಬಾಂಡ್ ಬರೆಸಿಕೊಂಡಿತ್ತು. ಮೂರು ವರ್ಷಕ್ಕೆ ಮೊದಲು ಬಿಟ್ಟರೆ 2 ಲಕ್ಷ ರೂಪಾಯಿ ಕಟ್ಟಬೇಕು ಎಂದು. ಕರ್ನಾಟಕ ಹೈಕೋರ್ಟ್ ಅಧಿಕಾರಿಯ ಪರ ಹೇಳಿತ್ತು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಬ್ಯಾಂಕಿನ ಪರ ತೀರ್ಪು ಕೊಟ್ಟಿತು. ಆದರೆ ಅದು ಸರ್ಕಾರಿ ಬ್ಯಾಂಕ್ ಆಗಿತ್ತು. ಜಾಹೀರಾತು ಕೊಟ್ಟು, ಪರೀಕ್ಷೆ ನಡೆಸಿ ನೇಮಕ ಮಾಡಬೇಕಾದ ಖರ್ಚು ಅದಕ್ಕಿತ್ತು. ಅದನ್ನೇ ಹಿಡಿದು ಈಗಷ್ಟೇ ಕಾಲೇಜು ಬಿಟ್ಟ ಹುಡುಗರಿಗೆ 10 ಲಕ್ಷದ ಬಾಂಡ್ ಹಾಕಲು ಹೊರಟವರನ್ನು ನೀವು ತಡೆಯಬೇಕಾಗುತ್ತದೆ.

2025ರ ನವೆಂಬರ್ 21ರಿಂದ 29 ಕಾರ್ಮಿಕ ಕಾನೂನುಗಳ ಜಾಗಕ್ಕೆ ನಾಲ್ಕು ಸಂಹಿತೆಗಳು ಬಂದಿವೆ. ಭತ್ಯೆಗಳ ಮೊತ್ತ ಒಟ್ಟು ಸಂಬಳದ ಅರ್ಧ ದಾಟಿದರೆ, ದಾಟಿದ ಭಾಗ ವೇತನದ ಲೆಕ್ಕಕ್ಕೆ ಸೇರುತ್ತದೆ. ಗ್ರಾಚ್ಯುಟಿ ಮೇಲೆ ಅದರ ಪರಿಣಾಮ ಇದೆ. ಕಂಪನಿಯ ಪ್ರತಿ ನೇಮಕಾತಿ ಪತ್ರವನ್ನೂ ಮತ್ತೆ ತೆಗೆದು ಓದಬೇಕು. ಈ ಕೆಲಸ ಹೊರಗಿನ ವಕೀಲರು ಮಾಡಿಕೊಡಲು ಆಗದು. ಕಂಪನಿಯಲ್ಲಿ ಯಾರು ಯಾವ ಭತ್ಯೆ ತಗೊಳ್ಳುತ್ತಾರೆ ಎನ್ನುವುದು ಒಳಗಿದ್ದವರಿಗೇ ಗೊತ್ತು.

ಕೋರ್ಟಿನಿಂದ ಬಂದವರಿಗೆ ಮೊದಲು ಕಷ್ಟ ಆಗುವುದು ಸಮಯ. ನಮಗೆ ವಾಯಿದೆಯ ಅಭ್ಯಾಸ ಅಲ್ವಾ? ಕಾಗದ ಸಿದ್ಧ ಇಲ್ಲ ಎಂದರೆ ಮುಂದಿನ ತಿಂಗಳು. ಕಂಪನಿಯಲ್ಲಿ ಕಾನೂನಿನ ಗಡಿಯಾರವೇ ಬೇರೆ. ಕಂಪ್ಯೂಟರ್ ವ್ಯವಸ್ಥೆಗೆ ಯಾರಾದರೂ ಕನ್ನ ಹಾಕಿದರೆ, ಗೊತ್ತಾದ 6 ಗಂಟೆಯೊಳಗೆ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸಿಇಆರ್‌ಟಿ-ಇನ್‌ಗೆ ತಿಳಿಸಬೇಕು. 2022ರ ಏಪ್ರಿಲ್‌ನಿಂದ ಈ ನಿರ್ದೇಶನ ಇದೆ. ಷೇರುಪೇಟೆಯಲ್ಲಿರುವ ಕಂಪನಿಯ ಬೋರ್ಡ್ ಸಭೆ ಮುಗಿದರೆ, ಮುಖ್ಯ ತೀರ್ಮಾನಗಳು 30 ನಿಮಿಷದೊಳಗೆ ಷೇರು ವಿನಿಮಯ ಕೇಂದ್ರಕ್ಕೆ ಹೋಗಬೇಕು. ವಹಿವಾಟಿನ ಸಮಯ ಮುಗಿದ ಮೇಲೆ ಸಭೆ ಮುಗಿದರೆ 3 ಗಂಟೆ. ಜನರ ವೈಯಕ್ತಿಕ ಮಾಹಿತಿ ಸೋರಿದರೆ ಡೇಟಾ ಸಂರಕ್ಷಣಾ ಮಂಡಳಿಗೆ 72 ಗಂಟೆಯಲ್ಲಿ ವಿವರ ಕೊಡಬೇಕು ಎಂದು ಹೊಸ ನಿಯಮ ಹೇಳುತ್ತದೆ. ಆ ಕಾಯ್ದೆ 2023ರದು, ನಿಯಮಗಳು ಬಂದದ್ದು 2025ರ ನವೆಂಬರ್‌ನಲ್ಲಿ. ಕಂಪನಿಗಳ ಮುಖ್ಯ ಹೊಣೆಗಳಿಗೆ 18 ತಿಂಗಳ ಕಾಲಾವಕಾಶ ಕೊಟ್ಟಿದ್ದಾರೆ. ಮಾಹಿತಿಯನ್ನು ಭದ್ರವಾಗಿ ಇಡದೆ ಹೋದರೆ ದಂಡ 250 ಕೋಟಿ ರೂಪಾಯಿವರೆಗೆ.

ರಾತ್ರಿ ಎರಡು ಗಂಟೆಗೆ ಫೋನ್ ಬರುತ್ತದೆ. ಎಂಜಿನಿಯರ್ ‘ಏನೋ ಆಗಿದೆ, ಪೂರ್ತಿ ಗೊತ್ತಿಲ್ಲ’ ಎನ್ನುತ್ತಾರೆ. ಪೂರ್ತಿ ಗೊತ್ತಾಗುವವರೆಗೆ ಕಾಯಲು ಸಮಯ ಇಲ್ಲ. ಗೊತ್ತಿರುವುದನ್ನು ಮಾತ್ರ, ಸುಳ್ಳಿಲ್ಲದೆ, ಊಹೆ ಇಲ್ಲದೆ ಬರೆಯಬೇಕು. ಇದನ್ನು ಗುಮಾಸ್ತಿಕೆ ಎನ್ನಲು ನನ್ನಿಂದ ಸಾಧ್ಯವಿಲ್ಲ.

ಈಗ ಸನ್ನದಿನ ವಿಷಯ. ಹೌದು, ನೀವು ಕೇಳಿದ್ದು ನಿಜ. ಬಾರ್ ಕೌನ್ಸಿಲ್ ಆಫ್ ಇಂಡಿಯಾದ 49ನೇ ನಿಯಮದ ಪ್ರಕಾರ ವಕೀಲಿ ಮಾಡುವವರು ಪೂರ್ಣಾವಧಿ ಸಂಬಳದ ನೌಕರಿಯಲ್ಲಿ ಇರುವಂತಿಲ್ಲ. ಕೆಲಸಕ್ಕೆ ಸೇರಿದರೆ ರಾಜ್ಯ ಬಾರ್ ಕೌನ್ಸಿಲ್‌ಗೆ ತಿಳಿಸಬೇಕು, ಆ ನೌಕರಿ ಇರುವಷ್ಟು ಕಾಲ ವಕೀಲಿ ನಿಲ್ಲಿಸಬೇಕು. ಸನ್ನದು ರದ್ದಾಗುವುದಿಲ್ಲ, ಅಮಾನತಿನಲ್ಲಿ ಇರುತ್ತದೆ. ನೌಕರಿ ಬಿಟ್ಟ ಮೇಲೆ ಮತ್ತೆ ಚಾಲ್ತಿ ಮಾಡಿಸಿಕೊಳ್ಳಬಹುದು. ಆದರೆ ತಿಳಿಸದೆ ಎರಡು ದೋಣಿಯಲ್ಲಿ ಕಾಲಿಡಬೇಡಿ. ಹಿಮಾಚಲ ಪ್ರದೇಶದ ವಿದ್ಯುತ್ ಮಂಡಳಿಯ ಕಾನೂನು ಅಧಿಕಾರಿಯೊಬ್ಬರು ಮಂಡಳಿಯ ಪರವಾಗಿಯೇ ಕೋರ್ಟಿಗೆ ಹೋಗುತ್ತಿದ್ದರು. ಅವರು ಸಂಬಳದ ನೌಕರರೇ ಎಂದು 2001ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅವರ ಸನ್ನದು ಉಳಿಯಲಿಲ್ಲ.

ನ್ಯಾಯಾಧೀಶರಾಗುವ ಆಸೆ ಮನಸ್ಸಿನಲ್ಲಿ ಇದೆಯಾ? ಇದ್ದರೆ ಈಗಲೇ ಯೋಚಿಸಿ. ಸಿವಿಲ್ ಜಡ್ಜ್ ಪರೀಕ್ಷೆಗೆ ಕನಿಷ್ಠ 3 ವರ್ಷದ ವಕೀಲಿ ಬೇಕು ಎಂದು 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಕಡ್ಡಾಯ ಮಾಡಿದೆ. ಅದು ನಿಮಗೆ ಆಗಿದೆ. ಆದರೆ ಜಿಲ್ಲಾ ನ್ಯಾಯಾಧೀಶರ ನೇರ ನೇಮಕಾತಿಗೆ ವಕೀಲರಾಗಿ 7 ವರ್ಷ ಬೇಕು. ಕಂಪನಿಯ ವರ್ಷಗಳು ಆ ಲೆಕ್ಕಕ್ಕೆ ಬರುವುದಿಲ್ಲ. ಇದನ್ನು ಆಮೇಲೆ ತಿಳಿದು ಕೊರಗಿದವರನ್ನು ಕಂಡಿದ್ದೇನೆ.

ಕೋರ್ಟಿಗೆ ನೀವು ಹೋಗುವುದೇ ಇಲ್ಲ ಅಂತಲ್ಲ. ಹೋಗುತ್ತೀರಿ, ಆದರೆ ಜಾಗ ಬದಲಾಗಿರುತ್ತದೆ. ಬೋರ್ಡ್ ನಿರ್ಣಯ ಮಾಡಿ ನಿಮ್ಮನ್ನು ಅಧಿಕೃತ ಪ್ರತಿನಿಧಿ ಎಂದು ನೇಮಿಸಿದರೆ, ಕಂಪನಿ ಪರ ದಾವೆಗೆ ಸಹಿ ಹಾಕುವವರು ನೀವು. ಅಫಿಡವಿಟ್ ಕೊಡುವವರೂ ನೀವು. ಸಾಕ್ಷಿ ಕಟಕಟೆಯಲ್ಲಿ ನಿಂತು ಪಾಟಿ ಸವಾಲು ಎದುರಿಸುವವರೂ ನೀವೇ. ಮೊದಲ ಸಲ ಕಟಕಟೆ ಹತ್ತಿದ ದಿನ ನನ್ನ ಗಂಟಲು ಒಣಗಿತ್ತು. ಅಷ್ಟು ವರ್ಷ ಬೇರೆಯವರನ್ನು ಪ್ರಶ್ನೆ ಕೇಳುತ್ತಿದ್ದವಳು ಅಂದು ‘ಗೊತ್ತಿಲ್ಲ’ ಎನ್ನುವ ಉತ್ತರ ಎಷ್ಟು ಕಷ್ಟದ್ದು ಎಂದು ತಿಳಿದೆ. ಆಮೇಲೆ ಸಾಕ್ಷಿಗಳನ್ನು ಸಿದ್ಧ ಮಾಡುವ ನನ್ನ ರೀತಿಯೇ ಬದಲಾಯಿತು.

ಸನ್ನದು ಬಿಟ್ಟಾಗ ಹೋಗುವ ಇನ್ನೊಂದು ಇದೆ. ಅದರ ಬಗ್ಗೆ ಜನ ಕಡಿಮೆ ಮಾತಾಡುತ್ತಾರೆ, ನನಗೆ ಅದೇ ಹೆಚ್ಚು ಮುಖ್ಯ. ಕಕ್ಷಿದಾರರು ನಿಮಗೆ ಹೇಳಿದ್ದನ್ನು ಯಾರೂ ನಿಮ್ಮ ಬಾಯಿಂದ ಬಿಡಿಸುವಂತಿಲ್ಲ ಅಲ್ವಾ? ಹಿಂದೆ ಸಾಕ್ಷ್ಯ ಕಾಯ್ದೆಯ 126ನೇ ಕಲಂ, ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಕಲಂ ಆ ರಕ್ಷಣೆ ಕೊಡುತ್ತದೆ. ಕಂಪನಿ ವಕೀಲರಿಗೆ ಅದು ಇದೆಯೇ ಇಲ್ಲವೇ ಎಂದು ಬಹಳ ಕಾಲ ಗೊಂದಲ ಇತ್ತು. 2025ರ ಅಕ್ಟೋಬರ್ 31ರಂದು ಸುಪ್ರೀಂ ಕೋರ್ಟ್ ಅದನ್ನು ಬಗೆಹರಿಸಿತು. ತನಿಖಾ ಸಂಸ್ಥೆಗಳು ವಕೀಲರಿಗೇ ಸಮನ್ಸ್ ಕೊಡುತ್ತಿದ್ದ ವಿಷಯವನ್ನು ಕೋರ್ಟ್ ತಾನಾಗಿಯೇ ಕೈಗೆತ್ತಿಕೊಂಡಿತ್ತು. ಆ ತೀರ್ಪಿನ ಪ್ರಕಾರ ಕಂಪನಿಯೊಳಗಿನ ವಕೀಲರು ಕೋರ್ಟಿನಲ್ಲಿ ವಕೀಲಿ ಮಾಡುವವರಲ್ಲ, ಆದ್ದರಿಂದ 132ನೇ ಕಲಂ ಅವರಿಗೆ ಇಲ್ಲ. ಕಂಪನಿಯ ಹೊರಗಿನ ವಕೀಲರ ಜೊತೆ ಅವರು ನಡೆಸಿದ ಮಾತಿಗೆ 134ನೇ ಕಲಂ ರಕ್ಷಣೆ ಕೊಡುತ್ತದೆ. ಕಂಪನಿ ಮತ್ತು ಅದರ ಸ್ವಂತ ವಕೀಲರ ನಡುವಿನ ಮಾತಿಗೆ ಆ ರಕ್ಷಣೆಯೂ ಸಿಗದು.

ಯುರೋಪಿನಲ್ಲೂ 2010ರಲ್ಲಿ ಸ್ಪರ್ಧಾ ಕಾನೂನಿನ ಒಂದು ದೊಡ್ಡ ಪ್ರಕರಣದಲ್ಲಿ ಹೀಗೇ ಆಯಿತು. ಸಂಬಳ ತೆಗೆದುಕೊಳ್ಳುವವರು ಪೂರ್ತಿ ಸ್ವತಂತ್ರರಲ್ಲ ಎನ್ನುವುದು ಅಲ್ಲಿನ ನ್ಯಾಯಾಲಯದ ವಾದ. ಆದರೆ ಅಮೆರಿಕದಲ್ಲಿ ಕಂಪನಿ ವಕೀಲರಿಗೂ ಆ ರಕ್ಷಣೆ ಇದೆ. ನನ್ನ ಅಭಿಪ್ರಾಯ ಕೇಳಿದರೆ, ಕಾಯ್ದೆಯ ಅಕ್ಷರ ನೋಡಿದಾಗ ನಮ್ಮ ತೀರ್ಪು ಸರಿಯೇ. ಆದರೆ ಸಂಸತ್ತು ಇದನ್ನು ಮತ್ತೆ ಯೋಚಿಸಬೇಕು ಎಂದು ಮನಸಾರೆ ಬಯಸುತ್ತೇನೆ. ಒಬ್ಬ ಮ್ಯಾನೇಜರ್‌ಗೆ ‘ನಾನು ಮಾಡಿದ್ದು ತಪ್ಪಾ?’ ಎಂಬ ಅನುಮಾನ ಬಂದಾಗ ಮೊದಲು ಬರಬೇಕಾದದ್ದು ನಮ್ಮ ಹತ್ತಿರ. ಬರಲು ಹೆದರಿದರೆ ತಪ್ಪು ಒಳಗೇ ಬೆಳೆಯುತ್ತದೆ. ಸದ್ಯಕ್ಕೆ ನಾವು ಮಾಡುವುದು ಇಷ್ಟು: ಗಂಭೀರ ಒಳತನಿಖೆ ಇದ್ದರೆ ಮೊದಲ ದಿನವೇ ಹೊರಗಿನ ವಕೀಲರನ್ನು ನೇಮಿಸುತ್ತೇವೆ. ಮೇಲ್‌ನಲ್ಲಿ ಸುಮ್ನೆ ಊಹೆ ಬರೆಯುವುದಿಲ್ಲ. ‘ಇದು ಮೋಸ ಅನ್ನಿಸುತ್ತದೆ’ ಎಂದು ಬರೆಯುವ ಬದಲು ಯಾವ ದಿನ, ಯಾವ ಬಿಲ್, ಯಾರ ಸಹಿ ಎಂದು ಬರೆಯುತ್ತೇವೆ. ಬರೆದ ಮೇಲ್ ಅಳಿಸುವುದಂತೂ ಯಾವತ್ತೂ ಇಲ್ಲ.

ಇಲ್ಲಿಂದ ನಾನು ನಿಮಗೆ ಮುಖ್ಯವಾಗಿ ಹೇಳಬೇಕೆಂದಿದ್ದ ಮಾತಿಗೆ ಬರುತ್ತೇನೆ. ದಾವಣಗೆರೆಯಲ್ಲಿ ನಿಮಗೆ ನೂರು ಕಕ್ಷಿದಾರರು. ಒಬ್ಬರು ತಪ್ಪು ಕೆಲಸ ಹೇಳಿದರೆ ಅವರ ಫೈಲ್ ವಾಪಸ್ ಕೊಟ್ಟು ಕಳಿಸುತ್ತೀರಿ. ಕಂಪನಿಯಲ್ಲಿ ನಿಮಗೆ ಒಬ್ಬರೇ ಕಕ್ಷಿದಾರರು, ಊಟಕ್ಕೆ ಕೊಡುವವರೂ ಅವರೇ. ಆ ಒಬ್ಬರು ಯಾರು? ಕಂಪನಿ. ನಿಮ್ಮ ಬಾಸ್ ಅಲ್ಲ, ಸೇಲ್ಸ್ ಮುಖ್ಯಸ್ಥರಲ್ಲ, ಎಂಡಿ ಕೂಡ ಅಲ್ಲ. ಹೇಳಲು ಸುಲಭ. ಕಂಪನಿಗೆ ಬಾಯಿಲ್ಲ, ಅದರ ಹೆಸರಲ್ಲಿ ಮಾತಾಡುವವರು ಇವರೇ. ದಿನಾ ಜೊತೆಗೆ ಊಟ ಮಾಡುವವರು, ನಿಮ್ಮ ಇನ್‌ಕ್ರಿಮೆಂಟ್ ಬರೆಯುವವರು ಇವರೇ.

ಒಂದು ಏಪ್ರಿಲ್ 4ರ ನೆನಪು. ನಾನು ಆಗ ಇನ್ನೊಂದು ಕಂಪನಿಯಲ್ಲಿದ್ದೆ. ಸೇಲ್ಸ್ ಮುಖ್ಯಸ್ಥರು ಒಪ್ಪಂದ ಹಿಡಿದುಕೊಂಡು ಬಂದರು. ‘ಮೇಡಂ, ಮಾತು ಮಾರ್ಚ್‌ನಲ್ಲೇ ಆಗಿತ್ತು. ಪೇಪರ್ ಮಾತ್ರ ತಡ ಆಯ್ತು. ಮಾರ್ಚ್ 31ರ ತಾರೀಖು ಹಾಕಿಬಿಡೋಣ’ ಎಂದರು. ವರ್ಷದ ಗುರಿ ಮುಟ್ಟಲು ಅವರಿಗೆ ಆ ಒಂದು ಒಪ್ಪಂದ ಬೇಕಿತ್ತು. ಅವರು ಕೆಟ್ಟವರಲ್ಲ, ಒತ್ತಡದಲ್ಲಿದ್ದರು. ಹಿಂದೆಲ್ಲ ಹಳೆಯ ತಾರೀಖಿನ ಛಾಪಾ ಕಾಗದ ಹುಡುಕಿ ತರುವವರಿದ್ದರು. ಈಗ ಇ-ಸ್ಟ್ಯಾಂಪ್ ಮೇಲೆ ದಿನ, ಗಂಟೆ, ನಿಮಿಷ ಎಲ್ಲ ಅಚ್ಚಾಗಿರುತ್ತದೆ. ಆದರೆ ಸಿಕ್ಕಿಬೀಳುತ್ತೇವೆ ಎನ್ನುವುದು ನನ್ನ ಕಾರಣ ಆಗಿರಲಿಲ್ಲ. ಹಾಗೆ ಮಾಡಿದರೆ ಕಂಪನಿಯ ಆ ವರ್ಷದ ಲೆಕ್ಕವೇ ಸುಳ್ಳಾಗುತ್ತಿತ್ತು.

‘ಆಗಲ್ಲ’ ಎಂದು ಒಂದೇ ಮಾತಿಗೆ ಮುಗಿಸಿದ್ದರೆ ಅವರು ಬೇರೆ ದಾರಿ ಹುಡುಕುತ್ತಿದ್ದರು. ಕೂತು ಕೇಳಿದೆ: ಕೆಲಸ ನಿಜವಾಗಿ ಶುರುವಾದದ್ದು ಯಾವಾಗ? ಮಾರ್ಚ್ 20ಕ್ಕೆ ನಮ್ಮ ಜನ ಗ್ರಾಹಕರ ಕಚೇರಿಗೆ ಹೋಗಿದ್ದರು, ಅದಕ್ಕೆ ದಾಖಲೆ ಇತ್ತು. ಹಾಗಾದರೆ ‘ಈ ಒಪ್ಪಂದ ಮಾರ್ಚ್ 20ರಿಂದ ಅನ್ವಯ’ ಎಂದು ಒಳಗೆ ಬರೆಯಬಹುದು. ಅದು ಕಾನೂನಿಗೆ ಸರಿ. ಸಹಿಯ ಕೆಳಗೆ ಮಾತ್ರ ಏಪ್ರಿಲ್ 4 ಎಂದೇ ಇರಬೇಕು. ಆ ಆದಾಯ ಯಾವ ವರ್ಷಕ್ಕೆ ಸೇರುತ್ತದೆ ಎನ್ನುವುದನ್ನು ಲೆಕ್ಕದವರು, ಆಡಿಟರ್‌ಗಳು ನೋಡುತ್ತಾರೆ. ಇಷ್ಟನ್ನೂ ಅದೇ ದಿನ ಹಣಕಾಸು ಮುಖ್ಯಸ್ಥರಿಗೆ ಮೇಲ್ ಮಾಡಿದೆ. ಸೇಲ್ಸ್ ಮುಖ್ಯಸ್ಥರು ಎರಡು ತಿಂಗಳು ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಮುಂದಿನ ವರ್ಷ ಮಾತ್ರ ಮಾರ್ಚ್ ಮೊದಲ ವಾರವೇ ಎಲ್ಲ ಕರಡುಗಳನ್ನೂ ತಂದುಕೊಟ್ಟರು.

2009ರ ಜನವರಿಯಲ್ಲಿ ಹೈದರಾಬಾದಿನ ಸತ್ಯಂ ಕಂಪನಿಯ ಸುಳ್ಳು ಲೆಕ್ಕ ಹೊರಬಂದದ್ದು ನಿಮಗೆ ಗೊತ್ತಿರಬಹುದು. ಆ ನಂತರ ಬಂದ 2013ರ ಕಂಪನಿ ಕಾಯ್ದೆ ನಿರ್ದೇಶಕರ ಮೇಲೆ ಒಂದು ಹೊಣೆ ಹಾಕಿತು. ಎಲ್ಲ ಕಾನೂನುಗಳ ಪಾಲನೆಗೆ ಸರಿಯಾದ ವ್ಯವಸ್ಥೆ ಮಾಡಿದ್ದೇವೆ ಎಂದು ಅವರು ಪ್ರತಿ ವರ್ಷ ವರದಿಯಲ್ಲಿ ಹೇಳಬೇಕು. ಆ ಸಾಲಿನ ಹಿಂದೆ ಕೆಲಸ ಮಾಡುವವರಲ್ಲಿ ಕಂಪನಿ ಸೆಕ್ರೆಟರಿ ಜೊತೆ ನಾವೂ ಇರುತ್ತೇವೆ. ಅಮೆರಿಕದಲ್ಲಿ ಸುಳ್ಳು ಲೆಕ್ಕದಿಂದ ಎನ್ರಾನ್ ಕಂಪನಿ ಕುಸಿದ ಮೇಲೆ 2002ರ ಕಾಯ್ದೆಯಡಿ ನಿಯಮ ಬಂತು. ತಪ್ಪು ಕಂಡರೆ ವಕೀಲರು ಮೇಲಿನವರಿಗೆ ಹೇಳಬೇಕು, ಅವರು ಕೇಳದಿದ್ದರೆ ಬೋರ್ಡ್‌ವರೆಗೂ ಹೋಗಬೇಕು. ನಮ್ಮಲ್ಲಿ ವಂಚನೆ ಕಂಡರೆ ವರದಿ ಮಾಡುವ ಹೊಣೆಯನ್ನು ಕಂಪನಿ ಕಾಯ್ದೆ ಆಡಿಟರ್‌ಗಳ ಮೇಲೆ ಹಾಕಿದೆ. ಕಂಪನಿ ವಕೀಲರಿಗೆ ಅಂಥ ನೇರ ನಿಯಮ ಇಲ್ಲ. ಆದ್ದರಿಂದ ಆ ಏಣಿಯನ್ನು ನೀವೇ ಹತ್ತಬೇಕಾಗುತ್ತದೆ, ಹತ್ತುವ ಧೈರ್ಯವನ್ನೂ ನೀವೇ ತಂದುಕೊಳ್ಳಬೇಕು.

ಇನ್ನು ಕನ್ನಡದ ಪ್ರಶ್ನೆ. ಇದನ್ನು ಕೇಳುವಾಗ ನಿಮ್ಮ ದನಿ ಸಣ್ಣಗಾಗಿದೆ ಅನ್ನಿಸಿತು. ಹಾಗಾಗಬೇಕಿಲ್ಲ.

ಇಂಗ್ಲಿಷ್ ಬೇಕು, ಅದರಲ್ಲಿ ಮುಚ್ಚುಮರೆ ಇಲ್ಲ. ಆದರೆ ಒಪ್ಪಂದದ ಇಂಗ್ಲಿಷ್ ಒಂದು ಸಣ್ಣ ಊರಿದ್ದ ಹಾಗೆ, ಬೀದಿಗಳು ಕಡಿಮೆ. ಒಂದು ವರ್ಷ ದಿನಾ ಓಡಾಡಿದರೆ ಪರಿಚಯ ಆಗುತ್ತದೆ. ನಿಮಗೆ ಈಗಾಗಲೇ ಗೊತ್ತಿರುವುದನ್ನು ಕಲಿಯಲು ಮಾತ್ರ ಬೆಂಗಳೂರಿನ ಹುಡುಗರಿಗೆ ಹತ್ತು ವರ್ಷ ಬೇಕು.

ಪಾವಗಡದ ಸೋಲಾರ್ ಪಾರ್ಕ್ ನೆನಪಿಸಿಕೊಳ್ಳಿ. ಅಲ್ಲಿ ಸುಮಾರು 13,000 ಎಕರೆಯನ್ನು ರೈತರಿಂದ ಖರೀದಿ ಮಾಡಲಿಲ್ಲ, ಗುತ್ತಿಗೆಗೆ ಪಡೆದರು. ಅಂಥ ಯೋಜನೆಗೆ ಕೈ ಹಾಕುವ ಯಾವುದೇ ಕಂಪನಿಯ ಒಳಗೆ ಒಬ್ಬರು ಕೂತು ಪಹಣಿ ಓದಬೇಕು. ಮ್ಯುಟೇಷನ್ ಸರಪಳಿ ಹಿಡಿದು ಹಿಂದೆ ಹೋಗಬೇಕು. ಪೋಡಿ (ಸರ್ವೆ ಮಾಡಿ ಜಮೀನು ಬೇರ್ಪಡಿಸುವುದು) ಆಗಿದೆಯಾ, ಸರ್ವೆ ಇಲಾಖೆಯ ವಿಸ್ತೀರ್ಣದ ದಾಖಲೆಯಾದ ಆಕಾರಬಂದ್‌ಗೂ ಪಹಣಿಗೂ ವಿಸ್ತೀರ್ಣ ತಾಳೆ ಆಗುತ್ತದೆಯಾ ನೋಡಬೇಕು. ಅಣ್ಣತಮ್ಮಂದಿರ ವಿಭಾಗ ಬಾಯಿಮಾತಿನಲ್ಲಿ ಆಗಿದೆಯಾ, ಮದುವೆಯಾಗಿ ಹೋದ ಅಕ್ಕನ ಸಹಿ ಬೇಕಾ ಎಂದು ಕೇಳಬೇಕು. ಜಮೀನು ಮಂಜೂರಾದದ್ದಾದರೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನನ್ನು ಕಾಯುವ ಪಿಟಿಸಿಎಲ್ ಕಾಯ್ದೆ ಬರುತ್ತದೆಯೇ ಎಂದು ನೋಡಬೇಕು. 1978ರ ಆ ಕಾಯ್ದೆಯಲ್ಲಿ ಪರಭಾರೆ ಎಂದರೆ ಮಾರಾಟ ಮಾತ್ರ ಅಲ್ಲ, ಗುತ್ತಿಗೆಯೂ ಸೇರುತ್ತದೆ. ಸರ್ಕಾರದ ಅನುಮತಿ ಇಲ್ಲದೆ ಗುತ್ತಿಗೆ ಬರೆಸಿಕೊಂಡರೆ ಅದರ ಮೇಲೆ ಕಟ್ಟಿದ ಯೋಜನೆಯ ಬುಡವೇ ಅಲುಗಾಡುತ್ತದೆ. 2023ರ ತಿದ್ದುಪಡಿ ಬಂದ ಮೇಲೆ ‘ತುಂಬಾ ವರ್ಷ ಆಗಿದೆ, ಇನ್ನು ಯಾರು ಕೇಳುತ್ತಾರೆ’ ಎನ್ನುವ ಮಾತನ್ನು ನಂಬಿ ಕೂರುವಂತಿಲ್ಲ.

ಪವನ ವಿದ್ಯುತ್, ಗೋದಾಮು, ಮೊಬೈಲ್ ಟವರ್, ಕಾರ್ಖಾನೆ, ಎಲ್ಲದಕ್ಕೂ ನೆಲ ಬೇಕು. ಆ ನೆಲದ ಕಾಗದ ಕನ್ನಡದಲ್ಲಿದೆ. ಒಬ್ಬ ಅಜ್ಜ ಹೆಬ್ಬೆಟ್ಟು ಒತ್ತುವ ಮುಂಚೆ ‘ಇದರಲ್ಲಿ ಏನಿದೆ ತಾಯಿ?’ ಎಂದು ಕೇಳಿದರೆ ಅವರಿಗೆ ಅರ್ಥ ಆಗುವಂತೆ ಓದಿ ಹೇಳುವವರು ಬೇಕು. ಅವರಿಗೆ ಪೂರ್ತಿ ಅರ್ಥವಾದ ಗುತ್ತಿಗೆಯೇ ಮೂವತ್ತು ವರ್ಷ ಗಲಾಟೆ ಇಲ್ಲದೆ ನಿಲ್ಲುವುದು. ಅದು ರೈತರಿಗೂ ಒಳ್ಳೆಯದು, ಕಂಪನಿಗೂ ಒಳ್ಳೆಯದು. ನಿಮ್ಮ ಜಮೀನಿನ ಅನುಭವವನ್ನು ಬಯೋಡೇಟಾದ ಮೊದಲ ಸಾಲಿನಲ್ಲಿ ಬರೆಯಿರಿ.

ಎಐ ಬಂದರೆ ಈ ಕೆಲಸ ಇರುತ್ತದೆಯೇ ಎಂದು ನೀವು ಕೇಳಿಲ್ಲ, ಆದರೂ ಒಂದು ಮಾತು. ಗೋಪ್ಯತಾ ಒಪ್ಪಂದದಂಥ ಸರಳ ಕಾಗದಗಳ ಮೊದಲ ಓದು ಈಗಾಗಲೇ ಯಂತ್ರದ ಕೈಗೆ ಹೋಗುತ್ತಿದೆ. ಒಳ್ಳೆಯದೇ. ಆದರೆ ಅದು ಇಲ್ಲದ ತೀರ್ಪುಗಳನ್ನೂ ಇದ್ದ ಹಾಗೆ ಬರೆಯುತ್ತದೆ. 2024ರ ಡಿಸೆಂಬರ್‌ನಲ್ಲಿ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಬೆಂಗಳೂರು ಪೀಠದ ಒಂದು ಆದೇಶದಲ್ಲಿ ಅಸ್ತಿತ್ವದಲ್ಲೇ ಇಲ್ಲದ ತೀರ್ಪುಗಳು ಸೇರಿಕೊಂಡಿದ್ದವು. ಆ ಆದೇಶವನ್ನೇ ವಾಪಸ್ ಪಡೆಯಬೇಕಾಯಿತು. ಪ್ರತಿ ತೀರ್ಪನ್ನೂ ತೆಗೆದು ಓದುವ ನಿಮ್ಮ ಕೋರ್ಟಿನ ಅಭ್ಯಾಸ ಬಿಡಬೇಡಿ.

ಈ ಕೆಲಸ ಒಪ್ಪಿಕೊಳ್ಳಬೇಕಾ? ಕಂಪನಿಯವರನ್ನು ಮೂರು ವಿಷಯ ಕೇಳಿ ಆಮೇಲೆ ತೀರ್ಮಾನ ಮಾಡಿ. ಲೀಗಲ್ ಮುಖ್ಯಸ್ಥರು ಯಾರಿಗೆ ವರದಿ ಮಾಡುತ್ತಾರೆ? ಎಂಡಿಗೆ ಅಥವಾ ಬೋರ್ಡ್‌ಗೆ ಎಂದರೆ ಒಳ್ಳೆಯದು. ಸೇಲ್ಸ್ ಮುಖ್ಯಸ್ಥರಿಗೆ ಎಂದರೆ ನಾನಾದರೆ ಹೋಗುವುದಿಲ್ಲ, ಸಂಬಳ ಎಷ್ಟೇ ಇರಲಿ. ಒಪ್ಪಂದಗಳು ಲೀಗಲ್ ಟೀಮ್‌ಗೆ ಯಾವ ಹಂತದಲ್ಲಿ ಬರುತ್ತವೆ? ‘ಸಹಿಗೆ ಹಿಂದಿನ ದಿನ’ ಎಂಬ ಉತ್ತರ ಬಂದರೆ ಅದು ನನ್ನ 2003ರ ಕಪಾಟಿನ ಪಕ್ಕದ ಮೇಜೇ, ಕುರ್ಚಿ ಮಾತ್ರ ಹೊಸದು. ಕೊನೆಯದಾಗಿ, ಕಳೆದ ವರ್ಷ ಲೀಗಲ್ ಟೀಮ್ ಬೇಡ ಎಂದಿದ್ದರಿಂದ ನಿಂತ ಕೆಲಸ ಯಾವುದಾದರೂ ಇದೆಯಾ? ವಿವರ ಹೇಳಬೇಕಿಲ್ಲ, ಇದೆ ಎಂದರೆ ಸಾಕು. ಆ ಪ್ರಶ್ನೆ ಕೇಳಿದಾಗ ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರೆ ಅದನ್ನೂ ಗಮನಿಸಿ.

ನಿಮ್ಮ ಸೀನಿಯರ್ ಜೊತೆ ಮನಸ್ತಾಪ ಮಾಡಿಕೊಂಡು ಹೊರಡಬೇಡಿ. ಮಧ್ಯ ಕರ್ನಾಟಕದಲ್ಲಿ ಕಂಪನಿಯ ಕೇಸ್ ಬಿದ್ದ ದಿನ ನೀವು ಮೊದಲು ಫೋನ್ ಮಾಡುವುದು ಅವರಿಗೇ. ಕೈಯಲ್ಲಿರುವ ಫೈಲ್‌ಗಳನ್ನು ಕಕ್ಷಿದಾರರಿಗೆ ಹೇಳಿ, ಒಪ್ಪಿಗೆ ಪಡೆದು, ವಕಾಲತ್ತು ಬದಲಾಯಿಸಿಕೊಡಿ. ಕೆಲಸಕ್ಕೆ ಸೇರುವ ತಾರೀಖು ಗೊತ್ತಾದ ಕೂಡಲೇ ಬೆಂಗಳೂರಿನ ರಾಜ್ಯ ಬಾರ್ ಕೌನ್ಸಿಲ್‌ಗೆ ಸನ್ನದು ಅಮಾನತಿನ ಅರ್ಜಿ ಹಾಕಿ. ಅವರು ಮೊಹರು ಹಾಕಿಕೊಟ್ಟ ಪ್ರತಿಯನ್ನು ಜೋಪಾನ ಮಾಡಿ. ನಾಳೆ ಮತ್ತೆ ಕಪ್ಪು ಕೋಟು ಹಾಕಬೇಕು ಅನ್ನಿಸಿದ ದಿನ ಬೇಕಾಗುವ ಕಾಗದ ಅದು.